ಪದಚರ್ಚೆ: ಸಿಖ್ಖರ 'ಗುರುಗದ್ದಿ'ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ಮೊನ್ನೆ ಬೀದರಿಗೆ ಹೋದಾಗ ನಾನಕ್ ಝೀರಾ ಗುರುದ್ವಾರ ನೋಡಿಕೊಂಡು ಬಂದೆವು. ಮನೆಯ ಮಕ್ಕಳಿಗೆ ಓದಲು ಕೊಡೋಣ ಅಂತ ಸಿಖ್ಖರ 10 ಗುರುಗಳ ಬಗ್ಗೆ ನಾಲ್ಕು ಪುಟ ಬರೆಯಲು ಕೂತೆ. ಮೂರನೇ ಸಾಲಿಗೇ ಸಿಕ್ಕಿಹಾಕಿಕೊಂಡೆ.

ಪಂಜಾಬಿಯಲ್ಲಿ ಗುರುವಿನ ಸ್ಥಾನಕ್ಕೆ 'ಗುರುಗದ್ದಿ' ಅನ್ನುತ್ತಾರೆ. ನಮ್ಮಲ್ಲಿ ಗದ್ದುಗೆ ಇದೆಯಲ್ಲ ಅಂತ ಸುಮ್ನೆ '1539ರಲ್ಲಿ ಅಂಗದರು ನಾನಕರ ಗದ್ದುಗೆಗೆ ಬಂದರು' ಎಂದು ಬರೆದೆ. ಕಲಬುರಗಿ ಕಡೆಯ ಗೆಳೆಯರೊಬ್ಬರು ಓದಿ, 'ನಾನಕರ ಗದ್ದುಗೆ ಯಾವ ಊರಲ್ಲಿದೆ?' ಎಂದು ಕೇಳಿದರು. ತಪ್ಪು ಅವರದಲ್ಲ. ಮಠಗಳಿರುವ ಊರಲ್ಲಿ ಗದ್ದುಗೆ ಅಂದರೆ ಹಿಂದಿನ ಸ್ವಾಮಿಗಳ ಸಮಾಧಿ. ಹೋಗಲಿ, 'ಗಾದಿ' ಅನ್ನೋಣವೆಂದರೆ ಹತ್ತಿ ಹಾಸಿಗೆ ಕಣ್ಣಮುಂದೆ ಬರುತ್ತದೆ.

ಹಾಗಾದರೆ 'ಉತ್ತರಾಧಿಕಾರಿ'? ಪತ್ರಿಕೆಗಳಲ್ಲಿ ಜಾಸ್ತಿ ಕಾಣುವುದು ಇದೇ. ಆದರೆ ಇದರಲ್ಲಿ ಆಸ್ತಿ, ಹಕ್ಕು, ವಾರಸುದಾರಿಕೆಯ ವಾಸನೆ ಇದೆ. ನಾನಕರಿಗೆ ಶ್ರೀಚಂದ, ಲಖ್ಮೀದಾಸ ಅಂತ ಇಬ್ಬರು ಗಂಡುಮಕ್ಕಳಿದ್ದರು. ಅವರಿಬ್ಬರನ್ನೂ ಬಿಟ್ಟು ಲೆಹಣಾ ಎಂಬ ಶಿಷ್ಯನನ್ನು ಆರಿಸಿದರು. ಅವನ ಮುಂದೆ ಐದು ಪೈಸೆ, ಒಂದು ತೆಂಗಿನಕಾಯಿ ಇಟ್ಟು ತಾವೇ ತಲೆಬಾಗಿದರು ಎಂದು ಸಿಖ್ ಸಂಪ್ರದಾಯ ಹೇಳುತ್ತದೆ. ಹೆಸರನ್ನೂ ಬದಲಿಸಿದರು. ಅಂಗದ, ಅಂದರೆ ತನ್ನದೇ ಅಂಗ. ಅಂಗದರೂ 1552ರಲ್ಲಿ ಮಕ್ಕಳನ್ನು ಬಿಟ್ಟು, ಎಪ್ಪತ್ತು ದಾಟಿದ್ದ ಅಮರದಾಸರನ್ನು ಆರಿಸಿದರು. ನಾಲ್ಕನೆಯವರಾದ ರಾಮದಾಸರು ಅಮರದಾಸರ ಅಳಿಯ. ಅಲ್ಲಿಂದಾಚೆ ಅದು ಒಂದೇ ಮನೆತನದಲ್ಲಿ ಉಳಿಯಿತು, ನಿಜ. ಆದರೂ ಹಿರಿಮಗನಿಗೇ ಸಿಗಬೇಕೆಂಬ ಕಟ್ಟಳೆ ಇರಲಿಲ್ಲ. ಎಂಟನೆಯವರಾದ ಹರಿಕೃಷ್ಣರು 1661ರಲ್ಲಿ ಗುರುವಾದಾಗ ಐದು ವರ್ಷದ ಹುಡುಗ, ಅದೂ ಅಣ್ಣ ರಾಮರಾಯ ಇರುವಾಗ. ಅವರ ನಂತರ ಬಂದ ತೇಗ ಬಹಾದೂರರು ಸಂಬಂಧದಲ್ಲಿ ಅವರ ಅಜ್ಜನ ತಮ್ಮ! 'ಉತ್ತರ' ಅಂದರೆ ಮುಂದಿನದು ಅಲ್ವಾ? ಇಲ್ಲಿ ಎರಡು ತಲೆಮಾರು ಹಿಂದಕ್ಕೆ ಹೋಯಿತು.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಉತ್ತರಾಧಿಕಾರಿ ಅಂದರೆ ಬೇರೆಯೇ ಒಬ್ಬ ವ್ಯಕ್ತಿ. ಸಿಖ್ಖರ ನಂಬಿಕೆ ಹಾಗಿಲ್ಲ. ಜ್ಯೋತಿ ಅದೇ, ಬದಲಾದದ್ದು ಕಾಯ ಮಾತ್ರ ಎಂದು ಅವರ ಗ್ರಂಥದಲ್ಲೇ ಸತ್ತಾ ಮತ್ತು ಬಲವಂಡ ಎಂಬ ಹಾಡುಗಾರರು ಹಾಡಿದ್ದಾರೆ. ಗುರುಗಳ ಹಾಡುಗಳ ಅಂಕಿತ ನೋಡಿದರೆ ಇದು ಬೇಗ ಹೊಳೆಯುತ್ತದೆ. ನಮ್ಮಲ್ಲಿ ಬಸವಣ್ಣನವರದು ಕೂಡಲಸಂಗಮದೇವ, ಅಕ್ಕನದು ಚೆನ್ನಮಲ್ಲಿಕಾರ್ಜುನ. ಅಂಕಿತದಿಂದಲೇ ಆಳು ಗೊತ್ತಾಗುತ್ತದೆ. ಅಲ್ಲಿ ಅಂಗದರು, ಅಮರದಾಸರು, ರಾಮದಾಸರು, ಅರ್ಜನರು, ತೇಗ ಬಹಾದೂರರು ಎಲ್ಲರೂ 'ನಾನಕ' ಎಂದೇ ಮುಗಿಸುತ್ತಾರೆ. ಯಾರದು ಯಾವುದು ಎಂದು ತಿಳಿಯಲು ಮೇಲೆ 'ಮಹಲಾ 2' (ಎರಡನೇ ಗುರು), 'ಮಹಲಾ 5' (ಐದನೇ ಗುರು) ಅಂತ ಅಂಕಿ ಹಾಕಿರುತ್ತಾರೆ.

'ಪಟ್ಟ' ಪರವಾಗಿಲ್ಲ. ಸ್ವಲ್ಪ ಅರಮನೆಯ ಗತ್ತು ಇದೆ. ಆದರೆ ಅವರೂ ಹತ್ತನೇ ಗುರುವನ್ನು 'ಪಾತಶಾಹಿ 10' ಅನ್ನುತ್ತಾರಲ್ಲ, ಪಾತಶಾಹಿ ಅಂದರೆ ಬಾದಶಾಹಿ.

ನನಗೆ ಹಿಡಿಸಿದ ಪದ 'ಗುರುತನ'. ಪಂಜಾಬಿಯಲ್ಲಿ ಗದ್ದಿಯ ಜೊತೆಗೆ 'ಗುರಿಆಈ' ಎಂಬ ಮಾತೂ ಇದೆ. ಹಿರಿತನ, ದೊಡ್ಡತನದ ಹಾಗೆ ಗುರುತನ. '1539ರಲ್ಲಿ ಗುರುತನ ಅಂಗದರಿಗೆ ಸಂದಿತು' ಎಂದರೆ ಕುರ್ಚಿಯೂ ಇಲ್ಲ, ಆಸ್ತಿಯೂ ಇಲ್ಲ. 'ಗುರುತ್ವ' ಬೇಡ, ಅದನ್ನು ವಿಜ್ಞಾನದ ಮೇಷ್ಟ್ರು ಆಗಲೇ ಒಯ್ದಿದ್ದಾರೆ! 'ಗುರುತನ' ಹಳೆಯ ಬರಹಗಳಲ್ಲಿ ಯಾರಿಗಾದರೂ ಸಿಕ್ಕಿದೆಯಾ? ಈಗಿನವರ ಕಿವಿಗೆ 'ಗುರುತು' ಅಂತ ಕೇಳಿಸೀತೇ?

ಇನ್ನೊಂದು ಪ್ರಶ್ನೆ. 1708ರಲ್ಲಿ ನಾಂದೇಡದಲ್ಲಿ ಹತ್ತನೇ ಗುರು ಗೋವಿಂದ ಸಿಂಗರು ಗುರುತನವನ್ನು ಗ್ರಂಥಕ್ಕೇ ಒಪ್ಪಿಸಿದರು. ಅಂದಿನಿಂದ ಗುರು ಗ್ರಂಥ ಸಾಹಿಬ್ ಅವರಿಗೆ ಬದುಕಿರುವ ಗುರು. ಬೆಳಿಗ್ಗೆ ಗೌರವದಿಂದ ತೆರೆಯುತ್ತಾರೆ, ರಾತ್ರಿ ಮಲಗುವ ಕೋಣೆಗೆ ತಲೆಯ ಮೇಲೆ ಹೊತ್ತು ಒಯ್ಯುತ್ತಾರೆ. ಕನ್ನಡದಲ್ಲಿ 'ಗ್ರಂಥ ಗುರುವಾಯಿತು' ಎಂದು ಬರೆದೆ. ಗುರುದ್ವಾರದಲ್ಲಿ ಕಂಡ ಭಕ್ತಿ ನೆನೆದು 'ಗುರುವಾದರು' ಎಂದು ತಿದ್ದಿದೆ. ಮಗಳು ಓದಿ 'ಪುಸ್ತಕಕ್ಕೆ ಬಹುವಚನವಾ?' ಅಂದಳು. ಮತ್ತೆ 'ಆಯಿತು' ಮಾಡಿದ್ದೇನೆ. ನೀವಾಗಿದ್ದರೆ ಯಾವುದನ್ನು ಉಳಿಸುತ್ತಿದ್ದಿರಿ?