ಪ್ಯಾರಿಸ್ ಬೋವೆ ಏರ್‌ಪೋರ್ಟ್‌ನ್ಯಾಗ ರಾತ್ರಿ ಇಳದ್ರ ಅಲ್ಲೇ ಉಳೀಬೇಕಾ?

ಕಲಬುರಗಿ ಅಕ್ಕ:
ನಮಸ್ಕಾರ್ರಿ ಎಲ್ಲಾರಿಗೂ. ಮಗಳು ಪೋಲೆಂಡ್‌ನ್ಯಾಗ ಓದ್ಲಾಕತ್ಯಾಳ, ನಾನು ನಮ್ಮವ್ವ ಆಕಿ ಹತ್ರ ಹೋಗಿ ಅಲ್ಲಿಂದ ಮೂರೂ ಮಂದಿ ಪ್ಯಾರಿಸ್ ನೋಡ್ಕೊಂಡು ಬರೋದದ. ಸೋವಿ ಸಿಕ್ತು ಅಂತ ಆಕಿ ಟಿಕೆಟ್ ಮಾಡ್ಯಾಳ, ಈಗ ನೋಡಿದ್ರ ಪ್ಯಾರಿಸ್ ಬೋವೆ ಅಂತದ, ಇಳಿಯೋದು ರಾತ್ರಿ 10.30ಕ್ಕ, ಮ್ಯಾಪ್‌ನ್ಯಾಗ ಪ್ಯಾರಿಸ್ ಭಾಳ ದೂರ ಕಾಣಸ್ತದ. ಅವ್ವಗ 68 ವಯಸ್ಸು, ಮೊಣಕಾಲು ನೋವು. ಬೆಳಗಾಗೋತನ ಏರ್‌ಪೋರ್ಟ್‌ನ್ಯಾಗೇ ಕುಂಡ್ರಬಹುದಾ? ಹೋಗಿ ಬಂದೋರು ಹೇಳ್ರಿ.

ಬೀದರ್ ತಮ್ಮ:
ಅಕ್ಕೋರೆ, ಅಲ್ಲಿ ಕುಂಡ್ರೋ ವಿಚಾರ ಬಿಟ್ಟುಬಿಡ್ರಿ, ಕಡೀ ಫ್ಲೈಟ್ ಆದಮ್ಯಾಲ ಟರ್ಮಿನಲ್ ಬಂದ್ ಮಾಡ್ತಾರ. ಏರ್‌ಪೋರ್ಟ್ ಇರೋದು ಟಿಯೇ ಅನ್ನೋ ಹಳ್ಳಿ ಮಗ್ಗಲಕ್ಕ, ನಮ್ಮ ಕಲಬುರಗಿ ಏರ್‌ಪೋರ್ಟ್ ಶ್ರೀನಿವಾಸ ಸರಡಗಿ ಮಗ್ಗಲಕ್ಕ ಇದ್ದಾಂಗ, ಪ್ಯಾರಿಸ್ ಅಲ್ಲಿಂದ ಸುಮಾರು 80 ಕಿಲೋಮೀಟರ್, ಅಂದ್ರ ಕಲಬುರಗಿಯಿಂದ ಯಾದಗಿರಿಗೆ ಹೋದಷ್ಟು. ಪ್ಯಾರಿಸ್ ಬಸ್ ಅದ, ಆದ್ರ ಅದು ಮುಟ್ಟೋದ್ರಾಗ ನಡುರಾತ್ರಿ, ಅವ್ವಾರನ್ನ ಕರ್ಕೊಂಡು ಆ ಹೊತ್ತಿನ್ಯಾಗ ಮತ್ತ ರೂಮ್ ಹುಡಕ್ಕೋತ ಹೋಗಬ್ಯಾಡ್ರಿ. ಮೊದಲೇ ಬೋವೆ ಊರಾಗ ರೂಮ್ ಮಾಡ್ರಿ, ಹಗಲು ರೈಲಿಗೆ ಸೀದಾ ಪ್ಯಾರಿಸ್‌ನ ಗಾರ್ ದ್ಯು ನೋರ್ ಸ್ಟೇಷನ್ನಿಗೆ ಹೋಗ್ತೀರಿ.

ಆದ್ರ ಒಂದು ಮಾತ್ರಿ, ಬೆಳಿಗ್ಗೆದ್ದು ಓಡಬ್ಯಾಡ್ರಿ. ಅಲ್ಲಿ ಸೇಂಟ್ ಪೀಟರ್ ಕ್ಯಾಥೆಡ್ರಲ್ ಅದ, 1225ರಾಗ ಶುರು ಮಾಡಿದ್ದು, ಒಳಗಿನ ಛಾವಣಿ ಸುಮಾರು 48 ಮೀಟರ್ ಎತ್ತರ. ಅಷ್ಟೆತ್ತರಕ್ಕ ಒಯ್ದಿದ್ಕ 1284ರಾಗ ಒಂದಿಷ್ಟು ಕುಸೀತು, ಮತ್ತ ಕಟ್ಟಿದ್ರು, ಮ್ಯಾಲ 153 ಮೀಟರ್ ಗೋಪುರ ಏರಿಸಿದ್ರು, ಅದೂ 1573ರಾಗ ಬಿತ್ತು. ಮುಂದಿನ ಉದ್ದನ ಭಾಗ ಇವತ್ತಿಗೂ ಕಟ್ಟಿಲ್ಲ. ನಮ್ಮ ಗವಾನ್ ಮದರಸಾ ಮದ್ದು ಸಿಡಿದು ಅರ್ಧಾ ಉಳದದಲ್ಲ, ಅದರ ಮುಂದ ನಿಂತಾಗ ಹ್ಯಾಂಗ ಅನಸ್ತದೋ ಅಲ್ಲೂ ನನಗ ಹಾಂಗೇ ಅನಸ್ತು. ಒಳಗ ಕಂಬ ವಾಲಬಾರ್ದಂತ ದಪ್ಪ ದಪ್ಪ ಕಟ್ಟಿಗಿ ತೊಲಿ ಅಡ್ಡ ಕೊಟ್ಟಾರ, ಅದರ ಬಾಜೂನೇ ನಿಂತು ಮ್ಯಾಲ ನೋಡಿದ್ರ ಕುತ್ತಿಗಿ ನೋಯ್ತದ ಖರೆ, ಕಣ್ಣು ಇಳಸಂಗಾಗಲ್ಲ.

ಯಾದಗಿರಿ ಮಾಸ್ತರ:
ಬೋವೆ ಹೆಸರು ಬಂತಂತ ಬರೀಲಾಕತ್ತೀನ್ರಿ. ಆ ಊರ ಮಗ್ಗಲಿಗಿನ ಅಲೋನ್‌ದಾಗ 1930ರ ಅಕ್ಟೋಬರ್ 5ಕ್ಕ ಆರ್101 ಅನ್ನೋ ಬ್ರಿಟಿಷರ ವಾಯುನೌಕೆ ಬಿದ್ದು ಸುಟ್ಟುಹೋಯ್ತು. ಒಳಗ ತುಂಬಿದ್ದು ಹೈಡ್ರೋಜನ್. 54 ಮಂದಿಯೊಳಗ 48 ಮಂದಿ ತೀರ್ಕೊಂಡ್ರು. ಅದು ಹೊಂಟಿದ್ದು ಎಲ್ಲಿಗಂತೀರಿ, ಕರಾಚಿಗೆ, ಆಗ ಅದು ನಮ್ಮ ಹಿಂದೂಸ್ತಾನದಾಗೇ ಇತ್ತು. ನೆಲಕ್ಕ ಕಟ್ಟಿ ನಿಲ್ಲಸ್ಲಾಕ ಅಲ್ಲಿ ದೊಡ್ಡ ಕಂಬನೂ ನಿಲ್ಲಿಸಿ ಕಾದಿದ್ರು. ರಸ್ತಾ ಬಾಜೂಕ ಸತ್ತೋರ ಸ್ಮಾರಕ ಅದ, ಟೈಮ್ ಸಿಕ್ರ ಎರಡು ನಿಮಿಷ ನಿಂತು ಬರ್ರಿ.

ಕಲಬುರಗಿ ಅಕ್ಕ:
ಇಬ್ಬರಿಗೂ ಶರಣ್ರಿ. ರೂಮ್ ಊರಾಗೇ ಮಾಡ್ತೀವಿ, ಅವ್ವಗ ಆ ಗುಡಿ ಕಥಿ ಹೇಳಿದ್ರ ಎರಡು ದಿನ ಇರೋಣು ಅಂತಾಳ. ಆಕಿ ಹೊರಗಿನದು ಉಣ್ಣಂಗಿಲ್ಲ, ಖಡಕ್ ರೊಟ್ಟಿ ಶೇಂಗಾ ಹಿಂಡಿ ಒಯ್ಲಾಕ ಬಿಡ್ತಾರಾ?

ಬೀದರ್ ತಮ್ಮ:
ರೊಟ್ಟಿ ಹಿಂಡಿ ಆರಾಮ್ ಒಯ್ರಿ. ತುಪ್ಪ, ಪೇಢಾ ಮಾತ್ರ ಬ್ಯಾಡ್ರಿ, ಹಾಲಿನ ಸಾಮಾನು ಹೊರಗಿಂದ ಯೂರೋಪಿನೊಳಗ ತರಂಗಿಲ್ಲ, ಪೋಲೆಂಡ್‌ನ್ಯಾಗ ಇಳದಾಗೇ ತಗೀತಾರ.