ಟ್ರಾಫಿಕ್ ದಂಡದ ದುಡ್ಡು ಎಲ್ಲಿಗೆ ಹೋಗುತ್ತದೆ? ರಸ್ತೆಗಾ, ಖಜಾನೆಗಾ?

ಬದಿಯಡ್ಕದವ:

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಉಪ್ಪಳ, ಮಂಜೇಶ್ವರದವರು, ದಿನಾ ಮಂಗಳೂರಿಗೆ ಹೋಗಿ ಬರುವವರು ಇಲ್ಲಿ ಸುಮಾರು ಜನ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನ ಭಾವ ಕೆಂಪುಕಲ್ಲಿನ ಕೋರೆಗೆ ಕೆಲಸಕ್ಕೆ ಹೋಗುವವರು. ಸ್ಕೂಟರಿನ ಹಿಂದೆ ಜೊತೆಗಾರನೊಬ್ಬನನ್ನು ಕೂರಿಸಿಕೊಂಡು ದಿನಾ ಒಂದೇ ದಾರಿಯಲ್ಲಿ ಹೋಗುತ್ತಾರೆ. ಭಾವ ಹೆಲ್ಮೆಟ್ ಹಾಕುತ್ತಾರೆ, ಹಿಂದೆ ಕೂತವನ ಹತ್ತಿರ ಇರಲಿಲ್ಲ. ತಪ್ಪು ಅಂತೂ ತಪ್ಪೇ, ಅದರಲ್ಲಿ ನನಗೆ ವಾದ ಇಲ್ಲ. ಆದರೆ ವಾರಗಟ್ಟಲೆ ಏನೂ ಸುದ್ದಿ ಇರಲಿಲ್ಲ, ಆಮೇಲೆ ಒಂದರ ಹಿಂದೆ ಒಂದು ನೋಟಿಸು, ಎಲ್ಲಾ ಅದೇ ಕ್ಯಾಮರಾದ್ದು, ಒಂದೊಂದಕ್ಕೂ 500 ರೂಪಾಯಿ. ಮೊದಲ ನೋಟಿಸು ಎರಡು ದಿನದಲ್ಲಿ ಬಂದಿದ್ದರೆ ಮೂರನೇ ದಿನ ಇನ್ನೊಂದು ಹೆಲ್ಮೆಟ್ ತರುತ್ತಿದ್ದರು. ಅಷ್ಟೇ ಅಲ್ವಾ ಆಗಬೇಕಾದದ್ದು? ಹಿಂದೆ ಕೂತವನ ತಲೆ ಉಳಿಯಬೇಕು ಅನ್ನುವುದು ಉದ್ದೇಶವಾದರೆ ತಡ ಮಾಡಿ ಏನು ಪ್ರಯೋಜನ? ಅಷ್ಟೂ ದಿನ ಅವನು ಬರಿತಲೆಯಲ್ಲೇ ಹೋದ. ಸೇರಿದ್ದು ದುಡ್ಡು ಮಾತ್ರ.

ಈ ದಂಡದ ದುಡ್ಡು ಕೊನೆಗೆ ಎಲ್ಲಿಗೆ ಹೋಗುತ್ತದೆ? ಇಷ್ಟು ಬರುತ್ತದೆ ಅಂತ ಸರ್ಕಾರ ಮೊದಲೇ ಲೆಕ್ಕ ಹಾಕುತ್ತದಾ? ಹಾಗೆ ಹಾಕಿದರೆ, ಜನ ಎಲ್ಲರೂ ಸರಿಯಾಗಿ ಗಾಡಿ ಓಡಿಸಿದ ವರ್ಷ ಅವರಿಗೆ ನಷ್ಟ ಅಂತ ಆಗುವುದಿಲ್ಲವಾ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ. ರಾಜಕೀಯ ಬೇಡ.

ಲೆಕ್ಕಪತ್ರ:

ಸರ್ಕಾರಿ ಲೆಕ್ಕದ ಕೆಲಸ ಮಾಡಿ ನಿವೃತ್ತನಾದವನು ನಾನು. ಗೊತ್ತಿರುವಷ್ಟು ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಸಂವಿಧಾನದ 266ನೇ ವಿಧಿಯ ಪ್ರಕಾರ ರಾಜ್ಯಕ್ಕೆ ಬರುವ ಆದಾಯವೆಲ್ಲ ಸಂಚಿತ ನಿಧಿಗೆ ಹೋಗಬೇಕು. ದಂಡವೂ ಅಲ್ಲಿಗೇ. ಅಂದರೆ ನಿಮ್ಮ ಭಾವ ಕಟ್ಟಿದ 500 ರೂಪಾಯಿ ಬೇರೆ ಡಬ್ಬದಲ್ಲಿ ಕೂರುವುದಿಲ್ಲ. ಸಂಬಳ, ಪಿಂಚಣಿ, ಸಾಲದ ಬಡ್ಡಿ, ರಸ್ತೆ, ಆಸ್ಪತ್ರೆ ಎಲ್ಲದಕ್ಕೂ ಹೋಗುವ ದೊಡ್ಡ ಮೊತ್ತದಲ್ಲಿ ಸೇರಿಹೋಗುತ್ತದೆ.

ಬಜೆಟ್ ಪುಸ್ತಕದಲ್ಲಿ ಹುಡುಕುವುದಾದರೆ ಎರಡು ಕಡೆ ನೋಡಬೇಕು. ಮೋಟಾರು ವಾಹನ ಇಲಾಖೆ ವಸೂಲು ಮಾಡಿದ್ದು 0041 ಅನ್ನುವ ಲೆಕ್ಕಶೀರ್ಷಿಕೆಯಲ್ಲಿ ಬರುತ್ತದೆ, ಅದರ ಹೆಸರೇ ವಾಹನಗಳ ಮೇಲಿನ ತೆರಿಗೆ. ಪೊಲೀಸರು ಹಾಕಿದ ದಂಡ 0055ರಲ್ಲಿ, ಅದು ಪೊಲೀಸ್ ಇಲಾಖೆಯ ಜಮೆ. ತೊಂದರೆ ಇರುವುದು ಇಲ್ಲೇ. 0041ರ ಒಟ್ಟು ಮೊತ್ತ ನೋಡಿದರೆ ಅದರಲ್ಲಿ ಹೊಸ ಗಾಡಿ ತೆಗೆದುಕೊಂಡವರು ಕಟ್ಟಿದ ತೆರಿಗೆ ಎಷ್ಟು, ಲೈಸೆನ್ಸ್ ಮತ್ತು ಆರ್‌ಸಿ ಶುಲ್ಕ ಎಷ್ಟು, ದಂಡ ಎಷ್ಟು ಅಂತ ಮೇಲ್ನೋಟಕ್ಕೆ ಕಾಣುವುದಿಲ್ಲ. ಒಳಗಿನ ಉಪಶೀರ್ಷಿಕೆಗಳವರೆಗೆ ಹೋಗಬೇಕು. ಸಾಮಾನ್ಯ ಜನ ಅಷ್ಟು ದೂರ ಹೋಗುವುದಿಲ್ಲ, ಪತ್ರಿಕೆಯವರೂ ಹೋಗುವುದು ಕಡಿಮೆ.

ಇನ್ನೊಂದು ಮಾತು. ವಾಹನದಿಂದ ಸರ್ಕಾರಕ್ಕೆ ಬರುವ ದೊಡ್ಡ ದುಡ್ಡು ದಂಡದ್ದಲ್ಲ, ತೆರಿಗೆಯದ್ದು. ದಂಡದಿಂದಲೇ ಸರ್ಕಾರ ನಡೆಯುತ್ತಿದೆ ಅನ್ನುವ ಮಾತು ಸರಿಯಲ್ಲ.

ರಸ್ತೆಗೆ ಹೋಗುವುದು ಏನೂ ಇಲ್ಲವಾ ಅಂದರೆ, ಇದೆ. ಕೇರಳದಲ್ಲಿ 2007ರ ರಸ್ತೆ ಸುರಕ್ಷತಾ ಪ್ರಾಧಿಕಾರದ ಕಾಯ್ದೆ ಇದೆ, ಅದರ ಕೆಳಗೆ ಒಂದು ನಿಧಿ ಇದೆ. ದಂಡದ ಒಂದು ಪಾಲನ್ನು ಆ ನಿಧಿಗೆ ಕೊಡಬೇಕು ಅಂತ ಕಾಯ್ದೆಯಲ್ಲೇ ಹೇಳಿದೆ. ಗಾಡಿ ನೋಂದಣಿ ಮಾಡುವಾಗ ಒಂದು ಸಲ ಸುರಕ್ಷತಾ ಸೆಸ್ ಕಟ್ಟುತ್ತೀರಲ್ಲ, ಅದೂ ಇದಕ್ಕೇ. ಆದರೆ ಅದು ನೇರವಾಗಿ ನಿಧಿಗೆ ಹೋಗುವುದಲ್ಲ. ಮೊದಲು ಖಜಾನೆಗೆ ಹೋಗಿ, ಆಮೇಲೆ ಬಜೆಟ್ಟಿನಲ್ಲಿ ಇಟ್ಟು, ಆಮೇಲೆ ಬಿಡುಗಡೆ ಮಾಡಬೇಕು. ಖಜಾನೆಯಲ್ಲಿ ಬಿಗಿ ಇದ್ದ ವರ್ಷ ಇಂಥ ಬಿಡುಗಡೆಗಳು ಹಿಂದೆ ಬೀಳುತ್ತವೆ. ಸರ್ವಿಸಿನಲ್ಲಿ ಇದ್ದಷ್ಟು ಕಾಲವೂ ನಾನು ಇದನ್ನು ನೋಡಿದ್ದೇನೆ.

ಉಪ್ಪಳ ಪಿಕಪ್:

ದಂಡ ಒಂದನ್ನೇ ಯಾಕೆ ಹಿಡಿದುಕೊಂಡಿದ್ದೀರಿ ಅಣ್ಣಾ? ಗಾಡಿ ಇಟ್ಟವನ ಹತ್ತಿರ ಕೇಳಿ. ನನ್ನದು ಬಾಡಿಗೆಗೆ ಓಡುವ ಪಿಕಪ್. ತೆರಿಗೆ, ಇನ್ಶೂರೆನ್ಸ್, ಫಿಟ್‌ನೆಸ್, ಪರ್ಮಿಟ್, ಹೊಗೆ ಸರ್ಟಿಫಿಕೇಟು, ವೆಲ್ಫೇರ್ ಫಂಡು, ಕರ್ನಾಟಕದ ಗಡಿ ತಲಪಾಡಿಯಲ್ಲಿ ಟೋಲು. 2023ರ ಏಪ್ರಿಲ್ ಒಂದರಿಂದ ಕೇರಳದಲ್ಲಿ ಲೀಟರಿಗೆ ಎರಡು ರೂಪಾಯಿ ಸೆಸ್ ಬೇರೆ ಹಾಕಿದರು, ಪೆಟ್ರೋಲಿಗೂ ಡೀಸೆಲಿಗೂ. ಆವತ್ತಿನಿಂದ ನಮ್ಮ ಕಡೆಯವರು ಟ್ಯಾಂಕ್ ತುಂಬಿಸುವುದು ತಲಪಾಡಿ ದಾಟಿದ ಮೇಲೆ. ಹಾಗೆ ಆದರೆ ಇಲ್ಲಿನ ಸರ್ಕಾರಕ್ಕೆ ಆ ತೆರಿಗೆಯೂ ಇಲ್ಲ. 2025ರ ಬಜೆಟ್ಟಿನಲ್ಲಿ 15 ವರ್ಷ ದಾಟಿದ ಖಾಸಗಿ ಗಾಡಿಗಳ ತೆರಿಗೆ ಅರ್ಧಪಾಲು ಏರಿಸಿದರು. ಹೊಸ ಗಾಡಿ ತೆಗೆಯಲು ಆಗದವನ ಹತ್ತಿರವೇ ಹಳೇ ಗಾಡಿ ಇರುವುದಲ್ವಾ.

ದಂಡ ಕಟ್ಟಲಿಕ್ಕೆ ನಾನು ತಯಾರಿದ್ದೇನೆ. ಆದರೆ ಹೈವೇ ಅಗಲ ಮಾಡುವ ಕೆಲಸ ನಡೆದ ಅಷ್ಟೂ ವರ್ಷ ತಲಪಾಡಿಯಿಂದ ಚೆಂಗಳದವರೆಗೆ ದಾರಿ ಯಾವಾಗ ಎಲ್ಲಿಗೆ ತಿರುಗುತ್ತದೆ ಅಂತ ಬೋರ್ಡು ನೋಡಿ ಗೊತ್ತಾಗುತ್ತಿರಲಿಲ್ಲ. ರಾತ್ರಿ ಮಳೆಯಲ್ಲಿ ಓಡಿಸಿದವನಿಗೆ ಅದು ಗೊತ್ತು. ಬೋರ್ಡು ಇಡದವನಿಗೆ ಕ್ಯಾಮರಾ ಎಲ್ಲಿದೆ?

ಮುಳ್ಳೇರಿಯ ಟೀಚರ್:

ಪಿಕಪ್ ಅಣ್ಣ ಹೇಳಿದ್ದು ನಿಜ. ಆದರೂ ನಾನು ಕ್ಯಾಮರಾದ ಪರ. ನನ್ನ ಹತ್ತಿರ ಕಲಿತು ಹೋದ ಮಕ್ಕಳಲ್ಲಿ ಇಬ್ಬರು ಬೈಕ್ ಅಪಘಾತದಲ್ಲೇ ತೀರಿಹೋದರು, ಇಬ್ಬರಿಗೂ ಇಪ್ಪತ್ತು ದಾಟಿರಲಿಲ್ಲ. ಅವರ ಅಮ್ಮಂದಿರ ಮುಖ ನೋಡಿ ಬಂದ ಮೇಲೆ 500 ರೂಪಾಯಿ ಜಾಸ್ತಿ ಅಂತ ನನಗೆ ಅನ್ನಿಸುವುದಿಲ್ಲ.

ಕೇರಳದಲ್ಲಿ 2023ರ ಜೂನ್ 5ರಿಂದ ಎಐ ಕ್ಯಾಮರಾ ದಂಡ ಶುರುವಾಯಿತು. ಒಟ್ಟು 726 ಕ್ಯಾಮರಾ, ಅದರಲ್ಲಿ 675 ಹೆಲ್ಮೆಟ್, ಬೆಲ್ಟು, ಮೊಬೈಲು ಇಂಥದ್ದನ್ನೇ ನೋಡುವಂಥವು. 2022ರಲ್ಲಿ ಕೇರಳದ ರಸ್ತೆಗಳಲ್ಲಿ ಸತ್ತವರು 4,317 ಜನ. 2023ರಲ್ಲಿ 4,080. ಪೂರ್ತಿ ಕ್ಯಾಮರಾದಿಂದಲೇ ಅಂತ ನಾನು ಹೇಳುವುದಿಲ್ಲ, ಆ ವರ್ಷ ಅಪಘಾತಗಳ ಲೆಕ್ಕ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಅಪಘಾತ ಹೆಚ್ಚಾಗಿಯೂ ಸಾವು ಕಡಿಮೆಯಾಯಿತು ಅಂದರೆ ತಲೆಯ ಮೇಲೆ ಏನೋ ಇತ್ತು ಅಂತ ನನ್ನ ನಂಬಿಕೆ.

ದಂಡವನ್ನೇ ತೆಗೆಯಿರಿ ಅನ್ನುವವರ ಜೊತೆ ಮಾತ್ರ ನಾನು ಇಲ್ಲ.

ಬದಿಯಡ್ಕದವ:

ಟೀಚರ್, ತೆಗೆಯಿರಿ ಅಂತ ನಾನು ಹೇಳಲಿಲ್ಲ. ಬೇಗ ಹೇಳಿ ಅಂದದ್ದು. ನೀವು ಹೇಳಿದ ಮಕ್ಕಳ ವಿಷಯ ಓದಿ ತುಂಬಾ ಬೇಸರವಾಯಿತು.

ಲೆಕ್ಕಪತ್ರ ಸರ್, ಕ್ಯಾಮರಾ ಇಟ್ಟವರಿಗೆ ದಂಡದಲ್ಲಿ ಪಾಲು ಇದೆಯಾ? ಎಲ್ಲರೂ ಹಾಗೇ ಮಾತಾಡುತ್ತಾರೆ.

ಲೆಕ್ಕಪತ್ರ:

ದಂಡದಲ್ಲಿ ಶೇಕಡಾವಾರು ಪಾಲು ಅಂತ ಅಲ್ಲ. ಯೋಜನೆ ಮಾಡಿಸಿದ್ದು ರಾಜ್ಯ ಸರ್ಕಾರದ್ದೇ ಆದ ಎಲೆಕ್ಟ್ರಾನಿಕ್ಸ್ ಕಂಪನಿ ಕೆಲ್ಟ್ರಾನ್ ಮೂಲಕ, ಸುಮಾರು 232 ಕೋಟಿ ರೂಪಾಯಿಯದ್ದು. ಆ ದುಡ್ಡನ್ನು ಮೂರು ಮೂರು ತಿಂಗಳಿಗೆ ಒಂದರಂತೆ 20 ಕಂತಿನಲ್ಲಿ ಕೊಡುವುದು ಅಂತ ಒಪ್ಪಂದ. ಉಪಗುತ್ತಿಗೆ ಕೊಟ್ಟ ರೀತಿಯ ಬಗ್ಗೆ ವಿರೋಧ ಪಕ್ಷದವರು ಹೈಕೋರ್ಟಿಗೆ ಹೋದರು, ಅದು ಬೇರೆ ಕಥೆ. ಆದರೆ ನೀವು ಕೇಳಿದ್ದರಲ್ಲಿ ಒಂದು ಸತ್ಯ ಇದೆ. ಕಂತು ಅಂತೂ ಕಟ್ಟಲೇಬೇಕು, ಮತ್ತೆ ಕಂಟ್ರೋಲ್ ರೂಮಿನವರ ಸಂಬಳ, ಅಂಚೆ ಖರ್ಚು, ರಿಪೇರಿ. ದಂಡ ಬರದಿದ್ದರೆ ಇದಕ್ಕೆ ಬೇರೆ ಕಡೆಯಿಂದ ಹುಡುಕಬೇಕು. ಹಾಗಾಗಿ ದಂಡ ಬರಲಿ ಅನ್ನುವ ಒತ್ತಡ ಯಾರೂ ಬಾಯಿಬಿಟ್ಟು ಹೇಳದೆಯೂ ಹುಟ್ಟಿಕೊಳ್ಳುತ್ತದೆ.

ಮಂಗಳೂರು ಲೋಕಲ್:

ಊರು ಹೊಸಂಗಡಿ, ಕೆಲಸ ಮಂಗಳೂರಿನಲ್ಲಿ. ಆಚೆ ಕಡೆಯ ಕಥೆಯನ್ನೂ ಕೇಳಿ.

ಕರ್ನಾಟಕದಲ್ಲಿ 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟರು. ಜನ ಕ್ಯೂ ನಿಂತು ಕಟ್ಟಿದರು, ಕೋಟಿಗಟ್ಟಲೆ ಬಂತು. ಆಮೇಲೆ ಅದೇ ವರ್ಷ ಮತ್ತೆ, 2025ರಲ್ಲೂ ಮತ್ತೆ. ಈಗ ನನ್ನ ಆಫೀಸಿನಲ್ಲಿ ಯಾರೂ ಸಮಯಕ್ಕೆ ಸರಿಯಾಗಿ ಕಟ್ಟುವುದಿಲ್ಲ, ಮುಂದಿನ ರಿಯಾಯಿತಿ ಬರಲಿ ಅಂತ ಕಾಯುತ್ತಾರೆ. ಪ್ರಾಮಾಣಿಕವಾಗಿ ಅದೇ ವಾರ ಕಟ್ಟಿದವನು ಪೂರ್ತಿ ಕೊಟ್ಟ, ಎರಡು ವರ್ಷ ಸುಮ್ನೆ ಕೂತವನು ಅರ್ಧ ಕೊಟ್ಟ. ಇದು ಯಾವ ನ್ಯಾಯ? ಬಾಕಿ ದೊಡ್ಡದಾಗಿದೆ, ಹೇಗಾದರೂ ಬರಲಿ ಅನ್ನುವ ಯೋಚನೆ ಬಂದ ದಿನವೇ ಅದು ಶಿಕ್ಷೆ ಆಗಿ ಉಳಿಯಲಿಲ್ಲ, ವಸೂಲಿ ಆಯಿತು.

ಬಾಕಿ ಬೆಳೆಯುವುದಾದರೂ ಯಾಕೆ ಅಂದರೆ ಬದಿಯಡ್ಕದಣ್ಣ ಹೇಳಿದ ಕಾರಣವೇ. ತಡವಾಗಿ ಗೊತ್ತಾಗುತ್ತದೆ, ಒಟ್ಟಿಗೆ ಗೊತ್ತಾಗುತ್ತದೆ, ಕಟ್ಟಲು ಆಗದಷ್ಟು ಆದ ಮೇಲೆ ಗೊತ್ತಾಗುತ್ತದೆ.

ನೀರ್ಚಾಲು ಹುಡುಗ:

ಅಮೆರಿಕದಲ್ಲಿ ಇದು ಎಲ್ಲಿಯವರೆಗೆ ಹೋಯಿತು ಅಂತ ನೋಡಬೇಕು. ಮಿಸೌರಿ ರಾಜ್ಯದಲ್ಲಿ ಫರ್ಗುಸನ್ ಅಂತ ಒಂದು ಸಣ್ಣ ಪಟ್ಟಣ. 2014ರಲ್ಲಿ ಪೊಲೀಸರ ಗುಂಡಿಗೆ ಒಬ್ಬ ಕಪ್ಪು ಹುಡುಗ ಸತ್ತ ಮೇಲೆ ಅಲ್ಲಿ ದೊಡ್ಡ ಗಲಾಟೆ ಆಯಿತು. 2015ರ ಮಾರ್ಚಿನಲ್ಲಿ ಅವರ ಕೇಂದ್ರ ಸರ್ಕಾರದ ನ್ಯಾಯ ಇಲಾಖೆ ತನಿಖೆ ಮಾಡಿ ವರದಿ ಕೊಟ್ಟಿತು. ಆ ಊರಿನ ಪೊಲೀಸರೂ ಕೋರ್ಟೂ ಜನರ ಸುರಕ್ಷತೆಗಿಂತ ಊರಿನ ಬೊಕ್ಕಸಕ್ಕೆ ದಂಡ ತರುವುದನ್ನೇ ಮುಖ್ಯ ಮಾಡಿಕೊಂಡಿದ್ದರು ಅಂತ ಅದರಲ್ಲಿತ್ತು. ಸಣ್ಣ ದಂಡ ಕಟ್ಟಲಾಗದೆ, ಅದಕ್ಕೆ ಇನ್ನಷ್ಟು ದಂಡ ಸೇರಿ, ಕೊನೆಗೆ ವಾರಂಟು ಬಂದು ಜೈಲು ಕಂಡವರು ಇದ್ದರು. ಅದೇ ವರ್ಷ ಮಿಸೌರಿಯಲ್ಲಿ ಕಾನೂನು ಮಾಡಿದರು: ಊರಿನ ಸಾಮಾನ್ಯ ಆದಾಯದಲ್ಲಿ ಟ್ರಾಫಿಕ್ ದಂಡದ ಪಾಲು ಶೇಕಡಾ 20 ದಾಟಬಾರದು, ದಾಟಿದ್ದು ಶಾಲೆಗಳಿಗೆ ಹೋಗಬೇಕು.

ಇಲ್ಲಿ ಅಷ್ಟು ಕೆಟ್ಟಿಲ್ಲ, ಗೊತ್ತು. ನಮ್ಮಲ್ಲಿ ದಂಡ ಪಂಚಾಯತಿಗೆ ಹೋಗುವುದಿಲ್ಲ, ರಾಜ್ಯಕ್ಕೆ ಹೋಗುತ್ತದೆ, ಅದು ಒಳ್ಳೆಯದೇ. ಆದರೆ ಮಿತಿ ಅನ್ನುವ ಯೋಚನೆ ನಮಗೂ ಬೇಕು. ಕೇಂದ್ರದ ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 210ಎ ಅಂತ ಒಂದು ಸೆಕ್ಷನ್ ಸೇರಿಸಿದ್ದಾರೆ, ರಾಜ್ಯ ಸರ್ಕಾರ ಬೇಕಾದರೆ ದಂಡವನ್ನು ಹತ್ತು ಪಟ್ಟಿನವರೆಗೆ ಏರಿಸಬಹುದು. ಏರಿಸುವುದಕ್ಕೆ ದಾರಿ ಇದೆ, ಬಂದ ದುಡ್ಡನ್ನು ಎಲ್ಲಿ ಹಾಕಬೇಕು ಅಂತ ಕಟ್ಟುಪಾಡು ಅಲ್ಲಿ ಕಾಣಲಿಲ್ಲ. ಹೆಲ್ಮೆಟಿಗೆ ಕೇಂದ್ರದ ಕಾಯ್ದೆಯಲ್ಲಿ 1,000 ಇದ್ದದ್ದನ್ನು ಕೇರಳ 500ಕ್ಕೆ ಇಳಿಸಿತು, ಅದನ್ನು ಒಪ್ಪಲೇಬೇಕು.

ಇನ್ನು ನೋಟಿಸು ತಡ ಆಗುವ ವಿಷಯ. 2021ರ ಆಗಸ್ಟಿನಲ್ಲಿ ಕೇಂದ್ರದ ಮೋಟಾರು ವಾಹನ ನಿಯಮಗಳಿಗೆ 167ಎ ಸೇರಿಸಿದರು. ಕ್ಯಾಮರಾದಲ್ಲಿ ಹಿಡಿದ ತಪ್ಪಿಗೆ 15 ದಿನದೊಳಗೆ ನೋಟಿಸು ಕಳಿಸಬೇಕು ಅಂತ ಅದರಲ್ಲಿ ಬರೆದಿದೆ. ಕ್ಯಾಮರಾ ಇದೆ ಅಂತ ಮೊದಲೇ ಎಚ್ಚರಿಸುವ ಫಲಕವೂ ಇರಬೇಕು. ಭಾವನ ನೋಟಿಸಿನಲ್ಲಿ ತಪ್ಪು ನಡೆದ ತಾರೀಕು, ನೋಟಿಸು ಹೊರಡಿಸಿದ ತಾರೀಕು ಎರಡನ್ನೂ ನೋಡಿ.

ಬದಿಯಡ್ಕದವ:

ಇದು ನನಗೆ ಗೊತ್ತೇ ಇರಲಿಲ್ಲ, ತುಂಬಾ ಉಪಕಾರವಾಯಿತು. ನೋಟಿಸುಗಳನ್ನು ತೆಗೆಸಿ ನೋಡಿದೆ. ಕೆಲವು 15 ದಿನದ ಒಳಗೆ ಹೊರಟಿವೆ, ಮೂರು ದಾಟಿವೆ. ಆ ಮೂರಕ್ಕೆ ಏನು ಮಾಡುವುದು? ಭಾವ ಹೇಳುತ್ತಾರೆ, ಸುಮ್ನೆ ಅಕ್ಷಯ ಕೇಂದ್ರಕ್ಕೆ (ಸರ್ಕಾರಿ ಆನ್‌ಲೈನ್ ಸೇವೆಯ ಅಂಗಡಿ) ಹೋಗಿ ಎಲ್ಲಾ ಕಟ್ಟಿಬಿಡುತ್ತೇನೆ, ಒಂದು ದಿನದ ಕೂಲಿ ಬಿಟ್ಟು ಓಡಾಡಲು ಆಗುವುದಿಲ್ಲ ಅಂತ. ಅದೂ ಸತ್ಯವೇ. ಮೂರು ದಂಡ ಉಳಿಸಲು ಎರಡು ಕೂಲಿ ಹೋದರೆ ಏನು ಸಿಕ್ಕಿತು?

ಉಪ್ಪಳ ಪಿಕಪ್:

ಬಡವ ವಾದ ಮಾಡುವುದಿಲ್ಲ ಅಂತ ಅವರಿಗೆ ಗೊತ್ತು ಅಣ್ಣಾ. ಅದೇ ನನಗೆ ಸಿಟ್ಟು ಬರುವುದು.

ಲೆಕ್ಕಪತ್ರ:

15 ದಿನದ ಒಳಗೆ ಹೊರಟ ನೋಟಿಸುಗಳ ದಂಡ ಕಟ್ಟಿಬಿಡಿ. ಕಟ್ಟದೆ ಬಿಟ್ಟರೆ ವರ್ಚುವಲ್ ಕೋರ್ಟಿಗೆ, ಅಂದರೆ ಆನ್‌ಲೈನಿನಲ್ಲೇ ನಡೆಯುವ ಕೋರ್ಟಿಗೆ ಹೋಗುತ್ತದೆ, ಆಮೇಲೆ ಗಾಡಿ ಮಾರುವಾಗ, ಆರ್‌ಸಿ ಹೆಸರು ಬದಲಿಸುವಾಗ ತಡೆ ಬರುತ್ತದೆ. ಕಟ್ಟುವಾಗ ಸೈಟಿನ ಹೆಸರು ಗವ್ ಡಾಟ್ ಇನ್ (gov.in) ಅಂತ ಮುಗಿಯುತ್ತದಾ ನೋಡಿ. ವಾಟ್ಸಾಪಿನಲ್ಲಿ ಚಲನ್ ಅಂತ ಎಪಿಕೆ ಫೈಲು (ಮೊಬೈಲಿಗೆ ಆಪ್ ಹಾಕುವ ಫೈಲು) ಬಂದರೆ ಮುಟ್ಟಲೇಬೇಡಿ, ದುಡ್ಡು ಕಳೆದುಕೊಂಡವರು ಸುಮಾರು ಜನ ಇದ್ದಾರೆ.

ದಾಟಿದ ಮೂರಕ್ಕೆ ಓಡಾಡುವುದು ಬೇಡ. ಸರ್ಕಾರದ ಪರಿವಾಹನ್ ಇ-ಚಲನ್ ಸೈಟಿನಲ್ಲೇ ದೂರು ಬರೆಯುವ ಜಾಗ ಇದೆ, ಎರಡೂ ತಾರೀಕು ಬರೆದು ನೋಟಿಸಿನ ಫೋಟೋ ಹಾಕಿ.

ಇದರ ಜೊತೆಗೆ ನಾನೊಂದು ಕೆಲಸ ಮಾಡುತ್ತೇನೆ. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತೇನೆ. ಕಾಸರಗೋಡು ಜಿಲ್ಲೆಯಲ್ಲಿ ಕಳೆದ ಎರಡು ವರ್ಷ ಕ್ಯಾಮರಾ ದಂಡ ಎಷ್ಟು ಬಂತು, ಅದರಲ್ಲಿ ನೋಟಿಸು 15 ದಿನ ದಾಟಿ ಹೋದವು ಎಷ್ಟು, ಸುರಕ್ಷತಾ ನಿಧಿಯಿಂದ ಈ ಜಿಲ್ಲೆಯ ರಸ್ತೆಗೆ ಕೊಟ್ಟದ್ದು ಎಷ್ಟು. ಮೂರೇ ಪ್ರಶ್ನೆ. ಅರ್ಜಿ ಕನ್ನಡದಲ್ಲೇ ಬರೆಯುತ್ತೇನೆ, ಇಲ್ಲಿಯ ಕನ್ನಡಿಗರಿಗೆ ಸರ್ಕಾರದ ಜೊತೆ ಕನ್ನಡದಲ್ಲಿ ವ್ಯವಹರಿಸಲು ಕಾನೂನು ಇದೆ. 30 ದಿನದಲ್ಲಿ ಉತ್ತರ ಕೊಡಬೇಕು, ಬಂದದ್ದನ್ನು ಇಲ್ಲೇ ಹಾಕುತ್ತೇನೆ.

ಮುಳ್ಳೇರಿಯ ಟೀಚರ್:

ಸರ್, ನಾಲ್ಕನೆಯದ್ದು ಒಂದು ಸೇರಿಸುತ್ತೀರಾ? ಶಾಲೆಗಳ ಎದುರು ವೇಗ ನೋಡುವ ಕ್ಯಾಮರಾ ಜಿಲ್ಲೆಯಲ್ಲಿ ಎಷ್ಟಿವೆ ಅಂತ. ಬದಿಯಡ್ಕದವರೇ, ಭಾವನ ಜೊತೆಗಾರನಿಗೆ ಹೆಲ್ಮೆಟ್ ಬಂತಾ?

ಬದಿಯಡ್ಕದವ:

ಬಂತು ಟೀಚರ್. ಐಎಸ್‌ಐ ಗುರುತು ಇರುವುದೇ ತೆಗೆದುಕೊಂಡದ್ದು.