ತುರ್ತು ಪದ ಬೇಕು: ಗಿಡದ ಜೀನ್ ‘ಕ್ಲೋನ್’ ಮಾಡುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ಕೇಳಿಕೆ, ಬಾಗಲಕೋಟೆಯಿಂದ

ಎಲ್ಲರಿಗೂ ನಮಸ್ಕಾರ. ನಾಳೆ ಮಧ್ಯಾಹ್ನದೊಳಗೆ ಒಂದು ಬೋರ್ಡು ಪ್ರಿಂಟಿಗೆ ಹೋಗಬೇಕು. ರೈತರ ಮೇಳದ ಮಳಿಗೆಯೊಂದಕ್ಕೆ. ಕನ್ನಡ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ.

ಕೈಗೆ ಬಂದ ಕರಡಿನಲ್ಲಿ ‘ಸಸ್ಯ ವಂಶವಾಹಿಗಳ ತದ್ರೂಪೀಕರಣ ಹಾಗೂ ಗುಣಲಕ್ಷಣ ನಿರೂಪಣೆ’ ಅಂತಿದೆ. ಅಪ್ಪನಿಗೆ ಓದಿ ತೋರಿಸಿದೆ. ನಲವತ್ತು ವರ್ಷ ಕಬ್ಬು ಬೆಳೆದವರು. ಎರಡನೇ ಪದಕ್ಕೇ ತಡವರಿಸಿ ಹಾಳೆ ವಾಪಸ್ ಕೊಟ್ಟರು. ಮೇಳಕ್ಕೆ ಬರುವವರೂ ಅವರಂಥವರೇ.

ಚಿತ್ರದಲ್ಲಿ ಇರುವುದು ಇಷ್ಟು. ಗಿಡದ ಡಿಎನ್‌ಎಯಿಂದ ಬೇಕಾದ ತುಂಡನ್ನು, ಅಂದರೆ ಒಂದು ಜೀನನ್ನು (ವಂಶವಾಹಿಯನ್ನು), ಕತ್ತರಿಸುತ್ತಾರೆ. ಅದನ್ನು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರಕ್ಕೆ ಅಂಟಿಸಿ ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಬಿಡುತ್ತಾರೆ. ಒಳ್ಳೆಯ ಆಹಾರ, ಹದವಾದ ಬಿಸಿ ಸಿಕ್ಕರೆ ಅದು ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಅದರ ಜೊತೆ ನಮ್ಮ ತುಂಡೂ ಹೆಚ್ಚುತ್ತದೆ. ಆಮೇಲೆ ಆ ಜೀನ್ ಗಿಡದಲ್ಲಿ ಏನು ಕೆಲಸ ಮಾಡುತ್ತದೆ ಅಂತ ಪತ್ತೆ ಹಚ್ಚುತ್ತಾರೆ.

‘ಜೀನ್ ನಕಲು’ ಅಂತ ಹಾಕಿದರೆ ನಡೆಯುತ್ತದಾ?

ಉತ್ತರ, ವಿಜಯಪುರದಿಂದ

ನಕಲು ಬೇಡ. ಬೇಡವೇ ಬೇಡ. ‘ನಕಲಿ ಬೀಜ’ ಅನ್ನುವ ಮಾತು ಬಿತ್ತನೆ ಹೊತ್ತಿಗೆ ಎಲ್ಲರ ಬಾಯಲ್ಲಿರುತ್ತದೆ. ಒಂದು ವರ್ಷ ನಾವು ಅಂಗಡಿಯಿಂದ ತಂದ ತೊಗರಿ ಅರ್ಧಕ್ಕರ್ಧ ಮೊಳೆಯಲಿಲ್ಲ. ಆ ಪದ ನೋಡಿದ ರೈತ ಮಳಿಗೆಯೊಳಗೆ ಕಾಲಿಡುವುದಿಲ್ಲ.

‘ಜೀನ್’ ಕೂಡ ಸುಮ್ನೆ ಗೊಂದಲ. ಜೀನು ಅಂದರೆ ಕುದುರೆಯ ತಡಿ, ಫಾರಸಿಯಿಂದ ಬಂದದ್ದು. ಜೀನ ಅಂದರೆ ಜಿಪುಣ. ಹತ್ತಿ ಬೆಳೆಯುವ ಊರಲ್ಲಿ ಜಿನ್ನು ಅಂದರೆ ಹತ್ತಿ ಹಿಂಜುವ ಕಾರಖಾನೆ. ‘ವಂಶವಾಹಿ’ ಶಾಲೆಯ ಪುಸ್ತಕದಲ್ಲಿ ನೆಲೆ ನಿಂತಿದೆ. ಅದನ್ನೇ ಇಡಿ.

ಉತ್ತರ, ಬೆಳಗಾವಿಯಿಂದ

ವಂಶವೂ ಸಕ್ಕದ (ಸಂಸ್ಕೃತ), ವಾಹಿಯೂ ಸಕ್ಕದ. ಇದರಲ್ಲಿ ಕನ್ನಡ ಎಲ್ಲಿದೆ? ಜೀನ್‌ಗೆ ‘ಪೀಳಿ’ ಎಂಬ ಪದವನ್ನು ಎಲ್ಲರಕನ್ನಡದವರು, ಅಂದರೆ ಸಕ್ಕದ ಬಿಟ್ಟು ಕನ್ನಡದ್ದೇ ಪದ ಕಟ್ಟುವವರು, ಆಗಲೇ ಬಳಸುತ್ತಿದ್ದಾರೆ. ಪೀಳಿಗೆಯಿಂದ ಪೀಳಿಗೆಗೆ ಹೋಗುವುದು ಪೀಳಿ. ಒಮ್ಮೆ ಕೇಳಿದರೆ ಸಾಕು, ತಾನಾಗಿ ತಿಳಿಯುತ್ತದೆ. ಕ್ಲೋನಿಗೆ ‘ಪಡಿಯಚ್ಚು’. ಬೋರ್ಡಿಗೆ ‘ಪೀಳಿ ಪಡಿಯಚ್ಚು’. ಮುಗಿಯಿತು.

ವಿಜಯಪುರದಿಂದ, ಮತ್ತೆ

ಮುಗಿಯಲಿಲ್ಲ. ‘ಪಡಿ’ ಬಂದದ್ದು ‘ಪ್ರತಿ’ಯಿಂದ. ಸಕ್ಕದ ಬೇಡ ಅಂದವರೇ ಅದನ್ನು ಹಿಂಬಾಗಿಲಿನಿಂದ ಕರೆತಂದಿರಿ. ಇನ್ನು ಪೀಳಿಗೆ. ಬೆಳಗಾವಿಯಲ್ಲಿ ಇದ್ದೂ ಮರಾಠಿಯ ‘ಪಿಢಿ’ ಕಿವಿಗೆ ಬಿದ್ದಿಲ್ಲವೇ? ನನ್ನ ಪ್ರಕಾರ ಎರಡೂ ‘ಪೀಠಿಕಾ’ದ ಮಕ್ಕಳು. ಬಾಲ ಕತ್ತರಿಸಿದ ಮಾತ್ರಕ್ಕೆ ಅಚ್ಚಗನ್ನಡ ಆಗುವುದಿಲ್ಲ.

ಉತ್ತರ, ಗೋಕಾಕ ಕಡೆಯಿಂದ

ಬೇರು ಯಾವುದು ಅನ್ನುವ ಜಗಳ ಆಮೇಲೆ ಇಟ್ಟುಕೊಳ್ಳೋಣ. ಕೇಳಿದವರಿಗೆ ನಾಳೆ ಪದ ಬೇಕು. ಆದರೆ ಕ್ಲೋನ್ ಪದದ ಹುಟ್ಟು ಮಾತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ. ನನಗೆ ಬಹಳ ಇಷ್ಟವಾದ ಸಂಗತಿ ಅದು.

ಗ್ರೀಕ್ ಭಾಷೆಯಲ್ಲಿ ‘ಕ್ಲೋನ್’ ಅಂದರೆ ರೆಂಬೆ, ಕಡ್ಡಿ. 1903ರಲ್ಲಿ ಹರ್ಬರ್ಟ್ ವೆಬ್ಬರ್ ಎಂಬ ಅಮೆರಿಕದ ಸಸ್ಯ ವಿಜ್ಞಾನಿ ಆ ಪದವನ್ನು ತಂದದ್ದು ಗಿಡಕ್ಕಾಗಿಯೇ. ಬೀಜದಿಂದಲ್ಲದೆ ಕಡ್ಡಿ, ಗಡ್ಡೆ, ಕಸಿಯಿಂದ ಬೆಳೆದ ಗಿಡಗಳ ಗುಂಪಿಗೆ ಇಟ್ಟ ಹೆಸರು. ಕ್ಲೋನ್ ಮಾಡಿದ ಡಾಲಿ ಕುರಿ ಹುಟ್ಟಿದ್ದು 1996ರಲ್ಲಿ. ‘ತದ್ರೂಪಿ’ಯನ್ನು ನಾನು ಮೊದಲು ಓದಿದ್ದು ಆ ಕುರಿಯ ಸುದ್ದಿಯಲ್ಲೇ. ಹಾಗಾಗಿ ಆ ಪದ ಕಂಡರೆ ಕಣ್ಣ ಮುಂದೆ ಒಂದೇ ಮುಖದ ಎರಡು ಜೀವ ಬರುತ್ತವೆ. ಜೀನಿಗೆ ಮುಖ ಎಲ್ಲಿದೆ?

ನಮ್ಮ ಹೊಲ ನೋಡಿ. ನೆಡುವ ಕಬ್ಬಿಗೆ ನಾವು ‘ಬೀಜ’ ಅನ್ನುತ್ತೇವೆ. ನೆಡುವುದು ಮಾತ್ರ ಎರಡು ಕಣ್ಣಿನ (ಮೊಗ್ಗಿನ) ತುಂಡು. ಕೊಯಮತ್ತೂರಿನ ಸಿಒ 86032 ತಳಿ ಹಾಕಿದ ಹೊಲಗಳೆಲ್ಲ ಮೂಲದಲ್ಲಿ ಒಂದೇ ಗಿಡದ ತುಂಡುಗಳು. ದಾಳಿಂಬೆಗೆ ಗೂಟಿ ಕಟ್ಟುತ್ತೇವೆ, ಅಂದರೆ ಗಿಡದಲ್ಲಿರುವ ರೆಂಬೆಗೇ ಬೇರು ಬರಿಸುತ್ತೇವೆ. ಅದೂ ಕ್ಲೋನೇ. ರೈತನಿಗೆ ವಿಷಯ ಹೊಸದಲ್ಲ, ಪದ ಮಾತ್ರ ಹೊಸದು.

ವಿಜಯಪುರದ ದ್ರಾಕ್ಷಿಯವರು ಡಾಗ್ರಿಡ್ಜ್ ಎಂಬ ಬೇರುಗಿಡದ ಮೇಲೆ ಥಾಮ್ಸನ್ ತಳಿಯ ಕಡ್ಡಿ ಕೂರಿಸುತ್ತಾರೆ. ಪ್ಲಾಸ್ಮಿಡ್‌ಗೆ ಜೀನ್ ತುಂಡು ಅಂಟಿಸುವುದೂ ಹಾಗೇ ಅಲ್ವಾ? ಪ್ಲಾಸ್ಮಿಡ್ ಬೇರುಗಿಡ, ಜೀನ್ ಕಡ್ಡಿ. ನನ್ನ ಸಲಹೆ: ‘ಜೀನ್ ಕಸಿ’.

ಇನ್ನೊಂದು. ‘ನಿರೂಪಣೆ’ ದಯವಿಟ್ಟು ತೆಗೆಯಿರಿ. ಅದು ಟಿವಿಯಲ್ಲಿ ಮೈಕು ಹಿಡಿದವರ ಕೆಲಸ. ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಹೋಗುವ ನಿಯಮ ಕಂಡುಹಿಡಿದ ಮೆಂಡೆಲ್ 1866ರಲ್ಲಿ ಬರೆದ ಸುಕ್ಕು ಬಟಾಣಿಯ ಜೀನನ್ನು ಕ್ಲೋನ್ ಮಾಡಿದ್ದು 1990ರಲ್ಲಿ. ಆಗ ಕಂಡದ್ದು ಏನು? ಆ ಜೀನಿನ ನಡುವೆ ಸುಮಾರು 800 ಅಕ್ಷರದ ಡಿಎನ್‌ಎ ತುಂಡೊಂದು ಬಂದು ಸೇರಿತ್ತು. ಅದರಿಂದ ಪಿಷ್ಟ ಕವಲೊಡೆಯಲು ಬೇಕಾದ ಕಿಣ್ವ ಕೆಟ್ಟಿತ್ತು. ಕಾಳಿನಲ್ಲಿ ಸಕ್ಕರೆ ಜಾಸ್ತಿ ಉಳಿದು, ನೀರೂ ಜಾಸ್ತಿ ತುಂಬಿ, ಒಣಗುವಾಗ ಸಿಪ್ಪೆ ಸುಕ್ಕಾಗುತ್ತಿತ್ತು. ನೂರಿಪ್ಪತ್ತು ವರ್ಷ ಕಳೆದ ಮೇಲೆ ಸುಕ್ಕಿನ ಕಾರಣ ಸಿಕ್ಕಿತು. ಇದಕ್ಕೆ ‘ಜೀನಿನ ಕೆಲಸ ಪತ್ತೆ ಹಚ್ಚುವುದು’ ಅಂದರೆ ಏನು ಕಡಿಮೆಯಾಯಿತು?

ಬೆಳಗಾವಿಯಿಂದ

ಕಸಿ ಒಪ್ಪಿದೆ. ಆಡುಮಾತಿನ ಪದ. ‘ಪೀಳಿ ಕಸಿ’ ಮಾಡಿ. ‘ಜೀನ್’ ಬಿಡಿ.

ವಿಜಯಪುರದಿಂದ

ಕಸಿ ತಪ್ಪು. ಜೀನ್ ಕಸಿ ಅಂದ ಕೂಡಲೇ ಒಂದು ಗಿಡಕ್ಕೆ ಬೇರೆ ಜೀವಿಯ ಜೀನ್ ಸೇರಿಸಿದರು ಅಂತ ಓದುತ್ತಾರೆ. ಅದು ಕುಲಾಂತರಿ. 2002ರಿಂದ ಬಿಟಿ ಹತ್ತಿ ಬೆಳೆಯುತ್ತಿರುವ ರೈತರಿಗೆ ಆ ಕಥೆ ಗೊತ್ತು. ಅಲ್ಲಿ ಹತ್ತಿಯೊಳಗೆ ಬಂದದ್ದು ಮಣ್ಣಿನ ಬ್ಯಾಕ್ಟೀರಿಯಾದ ಜೀನ್. ಇಲ್ಲಿ ನಡೆಯುವುದು ತಿರುಗಾಮುರುಗಾ. ಗಿಡದ ಜೀನ್ ಬ್ಯಾಕ್ಟೀರಿಯಾದೊಳಗೆ ಹೋಗುತ್ತದೆ, ಅದೂ ಹೆಚ್ಚಿಸಿಕೊಳ್ಳುವುದಕ್ಕೆ. ಮಳಿಗೆಯವರು ದಿನವಿಡೀ ‘ಇದು ಬಿಟಿ ಅಲ್ಲ’ ಅಂತ ಹೇಳುತ್ತಾ ನಿಲ್ಲಬೇಕಾಗುತ್ತದೆ.

ಎರವಲಿನ ಮಾತಿಗೆ ಬಂದರೆ, ಜಮೀನು ಫಾರಸಿ, ಕಾರಖಾನೆ ಫಾರಸಿ, ಎಕರೆ ಇಂಗ್ಲಿಷ್. ಇವನ್ನು ಬಿಟ್ಟು ಒಂದು ಕಬ್ಬಿನ ಬಿಲ್ಲಿನ ಬಗ್ಗೆ ಮಾತಾಡಿ ನೋಡೋಣ.

ಬೆಳಗಾವಿಯಿಂದ

ಬಂದು ಬೆರೆತದ್ದು ಬೇರೆ. ನಾಳೆ ಬರೆಯುವುದು ಬೇರೆ. ಬಂದದ್ದನ್ನು ಓಡಿಸಿ ಅಂತ ನಾನು ಎಲ್ಲೂ ಹೇಳಿಲ್ಲ. ಹೊಸದನ್ನು ಕಟ್ಟುವಾಗಲಾದರೂ ನಮ್ಮ ಮಣ್ಣಿನಿಂದ ಕಟ್ಟೋಣ ಅಂದೆ. ಮಕ್ಕಳು ಇಂಗ್ಲಿಷ್ ಪದವನ್ನೇ ನುಂಗಿ ವಿಜ್ಞಾನ ಓದುವುದು ನನಗೆ ಸಂಕಟ.

ಗೋಕಾಕ ಕಡೆಯಿಂದ

ಬಿಟಿ ವಿಷಯ ಹೊಳೆದಿರಲಿಲ್ಲ. ಕಸಿ ವಾಪಸ್ ತಗೊಂಡೆ.

ಕೇಳಿದವರು, ಬಾಗಲಕೋಟೆಯಿಂದ

ಎಲ್ಲರಿಗೂ ಧನ್ಯವಾದ. ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ‘ಪೀಳಿ’ ಅಂದಾಗ ‘ಅದೇನದು?’ ಅಂದರು. ಜೀನ್ ಅಂದಾಗ ‘ಬಿಟಿ ಹತ್ತಿಯವರು ಹೇಳ್ತಾರಲ್ಲ, ಅದಾ?’ ಅಂದರು. ಅಂದರೆ ಪದ ಆಗಲೇ ಹೊಲಕ್ಕೆ ಬಂದಿದೆ. ಅದನ್ನೇ ಇಟ್ಟೆ. ಬೆಳಗಾವಿಯವರು ಬೇಸರ ಮಾಡಿಕೊಳ್ಳಬೇಡಿ. ‘ತುಂಡು’, ‘ಹೆಚ್ಚಿಸುವುದು’ ಎರಡೂ ಕನ್ನಡವೇ.

ಈಗ ಪ್ರಿಂಟಿಗೆ ಹೋಗಿರುವುದು ಹೀಗಿದೆ. ದೊಡ್ಡಕ್ಷರದಲ್ಲಿ ‘ಗಿಡದ ಜೀನ್: ಹೆಚ್ಚಿಸುವುದು, ಕೆಲಸ ಪತ್ತೆ ಹಚ್ಚುವುದು’. ಕೆಳಗೆ ಸಣ್ಣಕ್ಷರದಲ್ಲಿ: ‘ಕಬ್ಬಿನ ತುಂಡು ನೆಟ್ಟರೆ ಅದೇ ಕಬ್ಬು ಬರುತ್ತದೆ. ಹಾಗೆಯೇ ಜೀನಿನ ಒಂದು ತುಂಡನ್ನು ಬ್ಯಾಕ್ಟೀರಿಯಾದೊಳಗೆ ಬೆಳೆಸಿ ಅದೇ ಜೀನನ್ನು ಲಕ್ಷಗಟ್ಟಲೆ ಪಡೆಯುತ್ತಾರೆ. ಇದಕ್ಕೆ ಕ್ಲೋನಿಂಗ್ ಅನ್ನುತ್ತಾರೆ.’

ಸುಕ್ಕು ಬಟಾಣಿಗೂ ಜಾಗ ಮಾಡಿದ್ದೇವೆ. ಒಂದು ತಟ್ಟೆಯಲ್ಲಿ ದುಂಡು ಕಾಳು, ಇನ್ನೊಂದರಲ್ಲಿ ಸುಕ್ಕಿನದು. ಸುಕ್ಕಿನ ಕಾಳು ಒಣಗಿದ್ದು ಅರ್ಧ ಕಿಲೋ ಬೇಕು. ಹತ್ತಿರದಲ್ಲಿ ಯಾರಾದರೂ ಬೆಳೆದಿದ್ದರೆ ತಿಳಿಸಿ.